ಮಂಚದ ಕೆಳಗಿನ ಅಕ್ಕಿ

ಲಗ್ಗೆರೆಯ ಆ ವಠಾರದಲ್ಲಿ ಸಾಲಾಗಿ ಆರು ಮನೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದೇ ಗೋಡೆ. ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು, ಯಾರು ಸಾರಿಗೆ ಒಗ್ಗರಣೆ ಕೊಟ್ಟರು ಎಂಬುದು ಎಲ್ಲರಿಗೂ ತಿಳಿಯುತ್ತಿತ್ತು. ಮೂರನೆಯ ಮನೆ ಜ್ಯೋತಿಲಕ್ಷ್ಮಿಯದು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಅವಳು ಕಾಲರ್ ಹೊಲಿಯುತ್ತಿದ್ದಳು. ಗಂಡ ಮಹದೇವ್ ಲಾರಿ ಡ್ರೈವರ್, ತಿಂಗಳಲ್ಲಿ ಇಪ್ಪತ್ತು ದಿನ ದಾರಿಯ ಮೇಲೇ ಇರುತ್ತಿದ್ದ. ಹಾಗಾಗಿ ಮನೆಯಲ್ಲಿ ಅವಳು ಮತ್ತು ಅತ್ತೆ ಅಂಜನಮ್ಮ ಇಬ್ಬರೇ.

ಎರಡು ಸಾವಿರದ ಇಪ್ಪತ್ತರ ಮಾರ್ಚ್ ತಿಂಗಳು. ಕೊರೋನಾ ಸುದ್ದಿ ಟಿವಿಯಲ್ಲಿ ಬರುತ್ತಿತ್ತು, ಆದರೆ ವಠಾರದಲ್ಲಿ ಯಾರೂ ಅಷ್ಟಾಗಿ ತಲೆಕೆಡಿಸಿಕೊಂಡಿರಲಿಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ ಫ್ಯಾಕ್ಟರಿಯ ಸೂಪರ್‌ವೈಸರ್ ಹೆಂಗಸರ ಹತ್ತಿರ ಬಂದು, "ಎಲ್ಲಾ ಮುಚ್ಚಿಸ್ತಾರಂತೆ. ಮನೆಗೆ ಏನ್ ಬೇಕೋ ಈಗ್ಲೇ ತಂದಿಟ್ಕೊಳ್ಳಿ" ಎಂದು ಪಿಸುಗುಟ್ಟಿ ಹೋದ. ಉಳಿದವರು ನಕ್ಕರು. ಜ್ಯೋತಿಲಕ್ಷ್ಮಿಗೆ ನಗು ಬರಲಿಲ್ಲ. ಅಂದು ಸಂಜೆ ಕೆಲಸ ಬಿಟ್ಟವಳೇ ದೊಡ್ಡ ಅಂಗಡಿಗೆ ಹೋಗಿ ಇಪ್ಪತ್ತೈದು ಕೆ.ಜಿ. ಅಕ್ಕಿ ಮೂಟೆ, ಐದು ಕೆ.ಜಿ. ತೊಗರಿಬೇಳೆ, ಎಣ್ಣೆ, ಉಪ್ಪು ಎಲ್ಲ ಕೊಂಡಳು. ಸಾಮಾನು ತರಲು ಪಕ್ಕದ ಮನೆಯ ಬೈರಯ್ಯನಿಗೆ ಫೋನ್ ಮಾಡಿದಳು. ಅವನದು ಸ್ವಂತ ಆಟೋ.

ಬೈರಯ್ಯನೇ ಮೂಟೆ ಹೊತ್ತು ಒಳಗೆ ತಂದು ಮಂಚದ ಕೆಳಗೆ ತಳ್ಳಿದ. ಅವನು ಹೊರಡುವಾಗ ಜ್ಯೋತಿಲಕ್ಷ್ಮಿ ಬಾಗಿಲ ಬಳಿ ತಡೆದಳು.

"ಅಣ್ಣ, ಇದನ್ನ ಯಾರ್ಗೂ ಹೇಳ್ಬೇಡಿ. ಅಕ್ಕಂಗೂ."

ಅಕ್ಕ ಎಂದರೆ ಅವನ ಹೆಂಡತಿ ಚಿಕ್ಕಗಂಗಮ್ಮ. ಅವಳು ಬಸ್ ಸ್ಟಾಪಿನಲ್ಲಿ ಹೂವು ಮಾರುತ್ತಿದ್ದಳು. ಬೈರಯ್ಯ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ ನಕ್ಕ. "ಆಟೋದಲ್ಲಿ ದಿನಾ ಏನೇನೋ ಸಾಗಿಸ್ತೀನಿ ತಾಯಿ. ಎಲ್ಲಾ ನೆನಪಿಟ್ಕೊಳ್ಳೋಕಾಗುತ್ತಾ?"

ವಾರದೊಳಗೆ ಊರೆಲ್ಲ ಮುಚ್ಚಿತು. ಸೊಲ್ಲಾಪುರದ ಹತ್ತಿರ ಒಂದು ಡಾಬಾದಲ್ಲಿ ಮಹದೇವನ ಲಾರಿ ನಿಂತುಬಿಟ್ಟಿತು. ಬೆಳಿಗ್ಗೆ ಅಂಗಡಿಗಳ ಮುಂದೆ ಎರಡೆರಡು ಗಂಟೆ ಸಾಲಿನಲ್ಲಿ ನಿಲ್ಲಬೇಕಿತ್ತು, ಅಷ್ಟರಲ್ಲಿ ಬೇಳೆ ಖಾಲಿ. ಆಟೋ ಓಡಿಸುವಂತಿರಲಿಲ್ಲ, ಹೂವು ಕೊಳ್ಳುವವರಿರಲಿಲ್ಲ. ಬೈರಯ್ಯನ ರೇಷನ್ ಕಾರ್ಡ್ ಮಾಗಡಿ ಕಡೆಯ ಊರಿನಲ್ಲಿತ್ತು, ಇಲ್ಲಿ ರೇಷನ್ ಸಿಗುವಂತಿರಲಿಲ್ಲ. ಅವರ ಮನೆಯಲ್ಲಿ ಉಳಿದದ್ದು ಊರಿಂದ ಬಂದಿದ್ದ ರಾಗಿ ಮಾತ್ರ.

ಮಹದೇವ್ ದಿನಾ ಫೋನ್ ಮಾಡಿ ಮೊದಲು ಕೇಳುತ್ತಿದ್ದುದು, "ಅಕ್ಕಿ ಇದೆಯಾ?" ಎಂದು. ಜ್ಯೋತಿಲಕ್ಷ್ಮಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಗೋಡೆಗೆ ಕೇಳಿಸದ ಹಾಗೆ, "ಇದೆ" ಎನ್ನುತ್ತಿದ್ದಳು.

ಅವಳು ಕುಕ್ಕರ್ ಇಡುವುದನ್ನು ಬಿಟ್ಟಳು. ಬೇಳೆಯನ್ನು ಪಾತ್ರೆಯಲ್ಲೇ ಸಣ್ಣ ಉರಿಯಲ್ಲಿ ಬೇಯಿಸಿದಳು. ಒಗ್ಗರಣೆಯನ್ನೂ ನಿಲ್ಲಿಸಿದಳು.

"ಇದೇನೇ ಸಾರು, ಕಾಯಿಲೆಯವ್ರಿಗೆ ಮಾಡ್ದಂಗೆ?" ಎಂದರು ಅಂಜನಮ್ಮ.

"ಒಗ್ಗರಣೆ ಹಾಕಿದ್ರೆ ಪಕ್ಕದ್ಮನೆವರ್ಗೂ ಘಮ್ ಅನ್ನುತ್ತೆ ಅತ್ತೆ."

ಅಂಜನಮ್ಮ ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದರು.

ಒಂದು ಬೆಳಿಗ್ಗೆ ಕೊಳಾಯಿಯ ಹತ್ತಿರ ಚಿಕ್ಕಗಂಗಮ್ಮ ಕೇಳಿದಳು, "ನಿಂಗೆಲ್ಲಾದ್ರೂ ಬೇಳೆ ಸಿಕ್ತೇನೇ ಜ್ಯೋತಿ? ಗಂಜಿ ಕುಡ್ದು ಕುಡ್ದು ನಾಲಿಗೆ ಸತ್ತೋಗಿದೆ."

"ಇಲ್ಲಕ್ಕ, ಅಂಗಡೀಲೇ ಇಲ್ವಲ್ಲ."

ನಿಂತ ಆಟೋವನ್ನು ಬೈರಯ್ಯ ಅಲ್ಲೇ ಒರೆಸುತ್ತಿದ್ದ. ಮಾತು ಅವನ ಕಿವಿಗೆ ಬಿತ್ತು. ಅವನು ತಲೆ ಎತ್ತಲಿಲ್ಲ, ಬಗ್ಗಿ ಚಕ್ರ ಒರೆಸತೊಡಗಿದ. ಅವನು ಒಮ್ಮೆ ದುರುಗುಟ್ಟಿ ನೋಡಿದ್ದರೂ ಜ್ಯೋತಿಲಕ್ಷ್ಮಿಗೆ ಸಮಾಧಾನವಾಗುತ್ತಿತ್ತು. ಅಂದಿನಿಂದ ಅವನು ಎದುರಾದಾಗಲೆಲ್ಲ ಈಗ ಕೇಳುತ್ತಾನೆ, ಈಗ ಕೇಳುತ್ತಾನೆ ಎಂದು ಕಾದಳು. ಅವನು, "ಮಹದೇವ್ ಫೋನ್ ಮಾಡಿದ್ನಾ?" ಎಂದಷ್ಟೇ ವಿಚಾರಿಸಿ ಮುಂದೆ ಹೋಗುತ್ತಿದ್ದ.

ಏಪ್ರಿಲ್ ನಡುವೆ ಶಾಲೆಯ ಮೈದಾನದಲ್ಲಿ ಯಾರೋ ದಿನಸಿ ಕಿಟ್ ಹಂಚುತ್ತಾರೆ ಎಂದು ಸುದ್ದಿ ಬಂತು. ಜ್ಯೋತಿಲಕ್ಷ್ಮಿಯೂ ಹೋದಳು. ಮೂಟೆ ಅರ್ಧಕ್ಕೆ ಇಳಿದಿತ್ತು. ಅದು ಮುಗಿದ ಮೇಲೆ ಏನು ಗತಿ ಎಂಬ ಲೆಕ್ಕ ಅವಳ ತಲೆಯಲ್ಲಿ ತಿರುಗುತ್ತಲೇ ಇತ್ತು. ನೆಲದ ಮೇಲೆ ಸುಣ್ಣದಲ್ಲಿ ಬರೆದ ವೃತ್ತಗಳಲ್ಲಿ ಜನ ನಿಂತಿದ್ದರು. ಅವಳ ಹಿಂದಿನ ಎರಡನೆಯ ವೃತ್ತದಲ್ಲಿ ಬೈರಯ್ಯನಿದ್ದ. ಅವಳ ಕೈಗೆ ಚೀಲ ಕೊಟ್ಟ ಹುಡುಗಿ ಹಿಂದಿನವರಿಗೆ, "ಇಷ್ಟೇ ಇದ್ದಿದ್ದು, ಮುಗೀತು. ನಾಳೆ ಬಂದ್ರೆ ಹೇಳ್ತೀವಿ" ಎಂದಳು.

ಜ್ಯೋತಿಲಕ್ಷ್ಮಿ ಚೀಲ ಹಿಡಿದು ಹಿಂದೆ ತಿರುಗಿದಳು. ಅಷ್ಟರಲ್ಲಿ ಬೈರಯ್ಯನೇ ಹತ್ತಿರ ಬಂದು, "ಕೊಡಮ್ಮ ಇಲ್ಲಿ, ಭಾರ ಇದೆ" ಎಂದು ಚೀಲ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡ. ದಾರಿಯುದ್ದಕ್ಕೂ ಅವನು ಆಟೋದ ಬ್ಯಾಟರಿಯ ಬಗ್ಗೆ ಮಾತಾಡಿದ. ಗಾಡಿ ಹೀಗೇ ನಿಂತರೆ ಅದೂ ಹೋಗುತ್ತದಂತೆ. ಅವಳಿಗೆ ಒಂದು ಮಾತೂ ತಲೆಗೆ ಹೋಗಲಿಲ್ಲ. ಅವನು ಬಾಗಿಲಲ್ಲಿ ಚೀಲ ಇಳಿಸಿದಾಗ ಅವಳೆಂದಳು:

"ಅಣ್ಣ, ಇದನ್ನ ನೀವೇ ತಗೊಂಡ್ಹೋಗಿ."

"ಏ ಬೇಡಮ್ಮ. ನಿಂಗೆ ಕೊಟ್ಟಿದ್ದು."

"ನಮ್ಮನೇಲಿ ಇರೋದು ನಿಮ್ಗೆ ಗೊತ್ತಲ್ಲ. ಒಂದ್ಸಲಾನೂ ಯಾಕೆ ಕೇಳ್ಲಿಲ್ಲ?"

ಬೈರಯ್ಯ ಮಾಸ್ಕ್ ಕೆಳಗೆಳೆದ. "ಮಹದೇವ್ ಇಲ್ಲ, ನೀವಿಬ್ರೇ ಹೆಂಗಸ್ರು. ಇದು ಎಷ್ಟ್ ದಿನ ಅಂತ ಯಾರಿಗ್ ಗೊತ್ತು? ಕೇಳ್ಬೋದಿತ್ತು ಕಣಮ್ಮ. ಕೇಳಿ, ನೀನು ಇಲ್ಲ ಅಂದ್ಬಿಟ್ರೆ? ಆಮೇಲೆ ಅಕ್ಕಪಕ್ಕ ಹೆಂಗಿರೋದು?"

ಚೀಲ ಮುಟ್ಟದೆ ಅವನು ತನ್ನ ಮನೆಗೆ ಹೋದ.

ಜ್ಯೋತಿಲಕ್ಷ್ಮಿ ಒಳಗೆ ಬಂದು ಮಂಚದ ಮೇಲೆ ಕೂತು ಅತ್ತಳು. ಅಂಜನಮ್ಮನಿಗೆ ಎಲ್ಲ ಕೇಳಿಸಿತ್ತು. ಅವರು ಹೇಳಿದ್ದು ಇಷ್ಟೇ: "ಒಂದ್ಹೊತ್ತು ಕಮ್ಮಿ ಉಂಡ್ರೂ ಬದುಕ್ತೀನಿ ಕಣೇ. ಹಿಂಗೆ ಉಸಿರು ಬಿಗಿಹಿಡ್ಕೊಂಡು ಉಣ್ಣೋಕಾಗಲ್ಲ."

ಜ್ಯೋತಿಲಕ್ಷ್ಮಿ ಪಾತ್ರೆಯ ತುಂಬ ಅಕ್ಕಿ, ಅದರ ಮೇಲೆ ಬೇಳೆಯ ಪೊಟ್ಟಣ ಇಟ್ಟುಕೊಂಡು ಪಕ್ಕದ ಮನೆಗೆ ಹೋದಳು. ಮೂಟೆ ತಂದಿದ್ದು, ಬಚ್ಚಿಟ್ಟಿದ್ದು, ಎಲ್ಲವನ್ನೂ ನಿಂತಲ್ಲೇ ಹೇಳಿದಳು. ಚಿಕ್ಕಗಂಗಮ್ಮ ಪಾತ್ರೆಯ ಕಡೆ ನೋಡಲೇ ಇಲ್ಲ. ಗಂಡನ ಕಡೆ ತಿರುಗಿದಳು.

"ನಿಂಗೂ ಗೊತ್ತಿತ್ತಾ? ಗೊತ್ತಿದ್ದೂ ನನ್ ಜೊತೆ ಕೂತ್ಕೊಂಡು ಗಂಜಿ ಕುಡಿದ್ಯಾ?"

ಆಮೇಲೆ ಅವಳು ಜ್ಯೋತಿಲಕ್ಷ್ಮಿಗೆ, "ತಗೊಂಡ್ಹೋಗು" ಎಂದು ಬಾಗಿಲು ಹಾಕಿಕೊಂಡಳು.

ಎರಡು ದಿನ ಕೊಳಾಯಿಯಲ್ಲಿ ಮಾತಿಲ್ಲ. ಮೂರನೆಯ ದಿನ ಬೆಳಿಗ್ಗೆ ಚಿಕ್ಕಗಂಗಮ್ಮ ತಾನಾಗಿಯೇ ಬಂದಳು. ಕೈಯಲ್ಲಿ ಖಾಲಿ ಪಾತ್ರೆಯಿತ್ತು.

"ನಮ್ಮನೆಯವ್ರಿಗೆ ತಲೆ ಸುತ್ತಿ ಬಂತು. ಅದಕ್ಕೆ ಬಂದೆ. ನನಗೋಸ್ಕರ ಅಲ್ಲ."

ಜ್ಯೋತಿಲಕ್ಷ್ಮಿ ಮೂಟೆಯನ್ನು ಮಂಚದ ಕೆಳಗಿಂದ ಎಳೆದು ಅಡುಗೆ ಕಟ್ಟೆಯ ಪಕ್ಕ ನಿಲ್ಲಿಸಿದಳು. ಚಿಕ್ಕಗಂಗಮ್ಮ ಅದನ್ನು ಬಹಳ ಹೊತ್ತು ನೋಡಿದಳು. "ನಾನಾಗಿದ್ರೂ ಬಚ್ಚಿಡ್ತಿದ್ನೇನೋ. ಆದ್ರೆ ಕೊಳಾಯಿ ಹತ್ರ ನನ್ ಮುಖ ನೋಡ್ಕೊಂಡೇ ಇಲ್ಲ ಅಂದ್ಯಲ್ಲ, ಅದು ಮರೆಯೋಕಾಗಲ್ಲ ಕಣೇ."

"ಹೌದಕ್ಕ" ಎಂದಳು ಜ್ಯೋತಿಲಕ್ಷ್ಮಿ. ಪಾತ್ರೆ ಈಸಿಕೊಂಡು ಅದಕ್ಕೆ ಅಕ್ಕಿ ತುಂಬಿದಳು.

ಆಮೇಲೆ ಎರಡು ಮನೆಗೂ ಆ ಮೂಟೆಯಿಂದಲೇ ಅನ್ನವಾಯಿತು. ಮೇ ಮೊದಲ ವಾರ ಅದು ಮುಗಿಯಿತು. ಅಲ್ಲಿಂದ ಕಿಟ್ಟಿನ ಗೋಧಿಹಿಟ್ಟು, ಚಿಕ್ಕಗಂಗಮ್ಮನ ರಾಗಿ, ಎರಡರಲ್ಲೇ ಹೇಗೋ ದಿನ ಸಾಗಿತು. ಗಡ್ಡ ಬೆಳೆಸಿಕೊಂಡು, ಸೊರಗಿ ಮಹದೇವ್ ಮನೆಗೆ ಬಂದ. ಸ್ವಲ್ಪ ದಿನಕ್ಕೆ ಬೈರಯ್ಯನ ಆಟೋ ರಸ್ತೆಗೆ ಇಳಿಯಿತು.

ವರ್ಷಗಳಾದವು. ಚಿಕ್ಕಗಂಗಮ್ಮ ಮಾತಾಡುತ್ತಾಳೆ, ಹಬ್ಬಕ್ಕೆ ಕರೆಯುತ್ತಾಳೆ. ಆದರೆ ಮನೆಯಲ್ಲಿ ಏನಾದರೂ ಮುಗಿದರೆ ಜ್ಯೋತಿಲಕ್ಷ್ಮಿಯ ಬಾಗಿಲು ದಾಟಿ ಕೊನೆಯ ಮನೆಗೆ ಹೋಗಿ ಕೇಳುತ್ತಾಳೆ. ಜ್ಯೋತಿಲಕ್ಷ್ಮಿ ಅದನ್ನು ನೋಡಿಯೂ ನೋಡದ ಹಾಗೆ ಇರುತ್ತಾಳೆ. ಹೋದ ತಿಂಗಳು ಮಾತ್ರ ಚಿಕ್ಕಗಂಗಮ್ಮ ನೇರ ಇಲ್ಲಿಗೇ ಬಂದು, "ಒಂಚೂರು ಹುಣಸೆಹಣ್ಣು ಇದ್ರೆ ಕೊಡೇ" ಎಂದಳು. ಜ್ಯೋತಿಲಕ್ಷ್ಮಿ ಡಬ್ಬಿಯಲ್ಲಿದ್ದುದನ್ನೆಲ್ಲ ತೆಗೆದು ಅವಳ ಕೈಗಿಟ್ಟಳು. ಚಿಕ್ಕಗಂಗಮ್ಮ ತನಗೆ ಬೇಕಾದಷ್ಟನ್ನು ಮುರಿದುಕೊಂಡು ಉಳಿದದ್ದನ್ನು ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ ಹೋದಳು.