ಗೋಡೆ ಹತ್ತಿದ ದೊಡ್ಡಪ್ಪ

ಯುದ್ಧಕಾಲದಲ್ಲಿ ಸತ್ತ ಸೈನಿಕರಲ್ಲಿ ಯಾರ ಹೆಸರನ್ನು ಸ್ಮಾರಕದ ಗೋಡೆಯಲ್ಲಿ ಕೆತ್ತಿಸಬೇಕು, ಯಾರದನ್ನು ಬಿಡಬೇಕು ಎಂದು ತೀರ್ಮಾನಿಸುವುದು ನಮ್ಮ ಕಚೇರಿಯ ಕೆಲಸ. ನಿಯಮ ಸರಳ. ಸೇವೆಯಲ್ಲಿದ್ದಾಗಲೇ ಸತ್ತಿದ್ದರೆ ಹೆಸರು ಗೋಡೆಗೆ. ಗುಂಡು ತಗಲಿತೋ, ಜ್ವರ ಬಂತೋ, ಬಚ್ಚಲಲ್ಲಿ ಜಾರಿ ಬಿದ್ದರೋ, ನಾವು ಕೇಳುವುದಿಲ್ಲ. ಸೇವೆಯಿಂದ ಬಿಡುಗಡೆಯಾಗಿ ಮನೆಗೆ ಬಂದ ಮೇಲೆ ಸತ್ತವರದೇ ತಕರಾರು. ಯುದ್ಧದ ಗಾಯದಿಂದಲೇ ಸತ್ತರು ಎಂದು ಡಾಕ್ಟರು ಬರೆದುಕೊಟ್ಟಿರಬೇಕು. ಇದನ್ನು ಬಂದವರಿಗೆಲ್ಲ ಒದರಿ ಒದರಿ ನನ್ನ ಗಂಟಲು ಸವೆದಿದೆ. ಆದರೆ ನಮ್ಮ ಮನೆಯಲ್ಲಿ ನನ್ನ ಕೆಲಸದ ವಿಷಯಕ್ಕೆ ಯಾರೂ ಕಿವಿಗೊಟ್ಟವರಲ್ಲ.

ಅದರಲ್ಲೂ ದೊಡ್ಡಮ್ಮ. ನನಗೆ ಒಂದು ಮಾತೂ ಹೇಳದೆ ಅರ್ಜಿ ಹಾಕಿ, ವಿಚಾರಣೆಯ ಕೊನೆಯ ದಿನ ಬಂದು ಅಪರಿಚಿತರ ಹಾಗೆ ಸಾಲಿನಲ್ಲಿ ನಿಂತಿದ್ದಳು.

"ನಿನ್ನ ಶಿಫಾರಸು ಬೇಡ ಕಣೇ," ಎಂದಳು. "ನಿಮ್ಮ ದೊಡ್ಡಪ್ಪ ಸ್ವಂತ ಯೋಗ್ಯತೆ ಮೇಲೆ ಗೋಡೆ ಹತ್ತಲಿ."

ದೊಡ್ಡಪ್ಪ ಸೈನ್ಯದಲ್ಲಿ ಲಾರಿ ರಿಪೇರಿ ಮಾಡುತ್ತಿದ್ದರು. ಗಡಿಯಲ್ಲಿ ಬಾಂಬಿನ ಚೂರು ಹೊಕ್ಕು, ಸೇವೆಯಿಂದ ಬಿಡುಗಡೆಯಾಗಿ ಬಂದು, ಹೆಂಡತಿಯ ತೊಡೆಯ ಮೇಲೆ ಪ್ರಾಣ ಬಿಟ್ಟರು ಎಂಬುದು ನಮ್ಮ ಮನೆಯ ಕಥೆ. ನಾನು ಚಿಕ್ಕವಳಿದ್ದಾಗ ಅಂಗಿಯ ಗುಂಡಿಯಷ್ಟಿದ್ದ ಆ ಚೂರು, ನನ್ನ ಮದುವೆಯ ಹೊತ್ತಿಗೆ ತಟ್ಟೆಯಷ್ಟಾಗಿತ್ತು.

ಸಾಹೇಬರು ಅರ್ಜಿ ನೋಡಿ ತಲೆ ಕೆರೆದುಕೊಂಡರು. "ಬಿಡುಗಡೆ ಆಗಿ ಬಂದ್ಮೇಲೆ ತೀರ್ಕೊಂಡ್ರು ಅಂತೀರಿ. ಡಾಕ್ಟರ್ ಬರೆದುಕೊಟ್ಟಿದ್ದು ಏನಾದ್ರೂ ಇದ್ಯಾ ಅಮ್ಮ?"

"ಇಲ್ಲ ಸ್ವಾಮಿ."

"ಹಾಗಾದ್ರೆ ಕಷ್ಟ. ನಾಳೆಯಿಂದ ಕಲ್ಲು ಕೆತ್ತೋಕೆ ಶುರು ಮಾಡ್ತಾರೆ."

ದೊಡ್ಡಮ್ಮನ ಮುಖ ಬಾಡಿತು. ನನಗೆ ತಡೆಯಲಾಗಲಿಲ್ಲ. ಕೈ ಹಿಡಿದು ಹಿಂದಿನ ಕೋಣೆಗೆ ಕರೆದೊಯ್ದು, ಇದ್ದುದರಲ್ಲಿ ಬಿರುಕಿಲ್ಲದ ಲೋಟದಲ್ಲಿ ಟೀ ಕೊಟ್ಟೆ.

"ನಂಗೆ ಮಕ್ಕಳಿಲ್ಲ," ಎಂದಳು. "ನಾನು ಹೋದ್ಮೇಲೆ ಅವರ ಹೆಸರು ಹೇಳೋರು ಯಾರು? ಕಲ್ಲಾದ್ರೂ ಹೇಳ್ಲಿ ಅಂದ್ಕೊಂಡಿದ್ದೆ."

"ದೊಡ್ಡಮ್ಮ, ಬಿಡುಗಡೆ ಪತ್ರನಾದ್ರೂ ಇರ್ಬೇಕಲ್ಲ?"

ಅವಳು ಟೀಗೆ ಊದುತ್ತಾ ಕೂತಳು. ಆಮೇಲೆ ಮೆಲ್ಲಗೆ, "ಬಿಡುಗಡೆ ಎಲ್ಲಿಂದ ಬಂತು? ಎರಡು ವಾರ ರಜೆ ಮೇಲೆ ಬಂದಿದ್ರು," ಎಂದಳು.

"ಮತ್ತೆ ಆ ಚೂರು?"

"ಯಾವ ಚೂರು? ಗಡಿಯಲ್ಲಿ ಅವರಿಗೆ ಸೊಳ್ಳೆನೂ ಕಚ್ಚಿರ್ಲಿಲ್ಲ." ಲೋಟ ಕೆಳಗಿಟ್ಟಳು. "ಬೀದಿಯಲ್ಲಿ ಯಾರೂ ಏಳೋ ಮುಂಚೆ ನಂಗೆ ಸೈಕಲ್ ಕಲಿಸ್ತಿದ್ರು ಕಣೇ. ಸೀಟು ಹಿಡ್ಕೊಂಡು ಹಿಂದೆ ಓಡಿ ಬರ್ತಿದ್ರು. ಏನೇ ಆದ್ರೂ ತಿರುಗಿ ನೋಡ್ಬೇಡ, ಬಿದ್ಬಿಡ್ತೀಯ ಅಂದ್ರು. ಅವರು ಹೇಳಿದ ಮಾತು ಕೇಳಿದ್ದು ನಾನು ಅವತ್ತೊಂದೇ ದಿನ. ಯಾವಾಗ ಕೈ ಬಿಟ್ರೋ ಗೊತ್ತಾಗ್ಲಿಲ್ಲ, ಬೀದಿ ಕೊನೆವರೆಗೂ ಹೋದೆ. ಇಳಿದು ಜಂಬ ಕೊಚ್ಕೊಳ್ಳೋಣ ಅಂತ ನೋಡಿದ್ರೆ, ಅವರು ಎಡವಿ ಬಿದ್ದು ತಲೆ ಚರಂಡಿ ಕಲ್ಲಿಗೆ ಬಡಿದಿತ್ತು. ಅಲ್ಲೇ ಹೋಗ್ಬಿಟ್ಟಿದ್ರು."

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

"'ಹೆಂಡ್ತಿ ಸೈಕಲ್ ಹುಚ್ಚಿಗೆ ಗಂಡ ಹೋದ ಅಂತ ಜನ ನಿನ್ನ ಬದುಕೋಕೆ ಬಿಡಲ್ಲ' ಅಂತ ಹೇಳಿ ಅತ್ತೆನೇ ಆ ಚೂರಿನ ಕಥೆ ಕಟ್ಟಿದ್ರು. ಮಗನನ್ನ ಕಳ್ಕೊಂಡ ಹೊತ್ತಲ್ಲಿ ನನ್ನ ಯೋಚನೆ ಮಾಡಿದ್ರು ಪುಣ್ಯಾತ್ಗಿತ್ತಿ."

ಅಳು, ನಗು ಎರಡೂ ಒಟ್ಟಿಗೇ ಬಂದವು. "ಅಯ್ಯೋ ದೊಡ್ಡಮ್ಮ, ರಜೆಯಲ್ಲಿದ್ರೂ ಸೇವೆಯಲ್ಲಿದ್ದ ಹಾಗೇನೇ! ಸೈಕಲ್ ಹಿಂದೆ ಓಡಿ ಸತ್ರೂ ಗೋಡೆಯಲ್ಲಿ ಜಾಗ ಇದೆ. ಸಾಹೇಬರ ಹತ್ರ ಇದನ್ನೇ ಹೇಳು."

"ಸಾಲಲ್ಲಿ ನಮ್ಮ ಬೀದಿ ಟೈಲರ್ ನಿಂತಿದಾನಲ್ಲೇ."

"ನಿಂತಿದಾನೆ. ಸಂಜೆಯೊಳಗೆ ಬೀದಿಗೆಲ್ಲ ಡಂಗುರ ಸಾರ್ತಾನೆ."

ದೊಡ್ಡಮ್ಮ ಉಳಿದ ಟೀ ಒಂದೇ ಗುಟುಕಿಗೆ ಕುಡಿದು, ಕನ್ನಡಕ ಮೂಗಿಗೇರಿಸಿಕೊಂಡು ಎದ್ದಳು. ಸಾಹೇಬರ ಮೇಜಿನ ಮುಂದೆ ನಿಂತು, ಟೈಲರನ ಕಡೆ ಒಮ್ಮೆ ದುರುಗುಟ್ಟಿ ನೋಡಿ, ಸೈಕಲ್ಲು, ಸೀಟು, ಚರಂಡಿ ಕಲ್ಲು ಯಾವುದನ್ನೂ ಬಿಡದೆ ಹೇಳಿದಳು. ಅವಳ ದನಿ ಎಷ್ಟು ಗಟ್ಟಿಯಾಗಿತ್ತೆಂದರೆ ಪಕ್ಕದ ಕೋಣೆಯವರೂ ಬಂದು ಇಣುಕಿದರು. ಸಾಹೇಬರು ದೊಡ್ಡಪ್ಪನ ದಳದ ಕಚೇರಿಗೆ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಉತ್ತರ ಬಂತು: ಆ ದಿನ ಆ ಮನುಷ್ಯ ರಜೆಯಲ್ಲಿದ್ದದ್ದು ನಿಜ, ಬಿಡುಗಡೆ ಆಗಿರಲಿಲ್ಲ. ಟೈಲರ್ ಬಾಯಿ ಬಿಟ್ಟುಕೊಂಡು ನಿಂತಿದ್ದ. ಅವನ ಕಣ್ಣು ಒದ್ದೆಯಾಗಿದ್ದನ್ನು ನಾನೇ ನೋಡಿದೆ.

ಗೋಡೆಯಲ್ಲಿ ಹೆಸರುಗಳು ಅಕಾರಾದಿ ಕ್ರಮದಲ್ಲಿವೆ. ದರ್ಜೆಯ ಲೆಕ್ಕವಿಲ್ಲ. ಹಾಗಾಗಿ ನಮ್ಮ ಮೆಕ್ಯಾನಿಕ್ ದೊಡ್ಡಪ್ಪ ಇಬ್ಬರು ಕರ್ನಲ್‌ಗಳ ಮಧ್ಯೆ ಠಿಕಾಣಿ ಹೂಡಿದ್ದಾರೆ. ಪರದೆ ಸರಿಸಿದ ದಿನ ದೊಡ್ಡಮ್ಮ ಅವರ ಹೆಸರನ್ನು ಓದಿ, ಕೆತ್ತಿದ ಅಕ್ಷರಗಳಲ್ಲಿ ಬೆರಳಾಡಿಸಿ, "ಸರಿ, ನಡಿ," ಎಂದು ಹೊರಟಳು. ಗೇಟಿನ ಹತ್ತಿರ ಬಂದವಳು ಗಕ್ಕನೆ ನಿಂತು ಗೋಡೆಯ ಕಡೆ ತಿರುಗಿದಳು.

"ರೀ," ಎಂದಳು, "ನೋಡ್ರೀ, ತಿರುಗಿ ನೋಡ್ದೆ. ಬೀಳ್ಲಿಲ್ಲ."