ಏಳನೆಯ ಪೆಟ್ಟು

ಡ್ರಮ್ಮಿನ ಪಕ್ಕದ ಹಿತ್ತಾಳೆ ತಟ್ಟೆ ಇನ್ನೂ ನಡುಗುತ್ತಿದೆ, ಯಾರೂ ಮುಟ್ಟಿಲ್ಲ, ನಮ್ಮ ಬ್ಯಾಂಡಿನ ಪ್ರೊಫೆಸರ್ ಬಾಗಿಲು ಹಾಕಿದ ರಭಸಕ್ಕೇ ಇರಬೇಕು, ಕೀಬೋರ್ಡಿನ ಮೇಲೆ ಬೆಣ್ಣೆಯಂಥ ಬೆರಳು, ಬಾಗಿಲಿನ ಮೇಲೆ ಕತ್ತೆಯ ಕಾಲು — ಈಗ ಬಾಗಿಲು ಮುಚ್ಚಿತು, ಇನ್ನು ಹಾಡು ಮುಗಿಯುವ ತನಕ ತೆಗೆಯುವ ಹಾಗಿಲ್ಲ, ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ ಈ ಕೋಣೆಯಿಂದ ಸದ್ದು ಹೊರಗೆ ಹೋಗುವುದಿಲ್ಲ, ಕಿರುಚಿದರೂ ಹೋಗುವುದಿಲ್ಲ. ತಟ್ಟೆಯ ಹಿಂದೆ ನನ್ನ ತಮ್ಮ, ಎಡಗೈಯನ್ನು ತೊಡೆಯ ಕೆಳಗೆ ಅಡಗಿಸಿಕೊಂಡು ಕೂತಿದ್ದಾನೆ, ಉಗುರು ಕಚ್ಚಿ ಟೀಚರ್ ಕೈಲಿ ಏಟು ತಿಂದ ದಿನ ಕೂತಿದ್ದ ಹಾಗೆ. ನನ್ನ ಕಡೆ ನೋಡುತ್ತಿಲ್ಲ. ನೋಡಬೇಡ ಕಣೋ, ನೋಡಿದರೆ ನಾನು ಎಲ್ಲರೆದುರು ಬಾಯಿಬಿಟ್ಟುಬಿಡುತ್ತೇನೆ. ಇವತ್ತು ಇಡೀ ಹಾಡನ್ನು ಒಂದೇ ಉಸಿರಿಗೆ ರೆಕಾರ್ಡ್ ಮಾಡಬೇಕು, ಅರ್ಧ ಗಂಟೆಯ ಹಾಡು, ಪ್ರೊಗ್ರೆಸಿವ್ ರಾಕ್ ಅಂತ ದೊಡ್ಡ ಹೆಸರಿಟ್ಟುಕೊಂಡ ನಮ್ಮಂಥವರಿಗೇ ಬರುವ ಹುಚ್ಚು ಇದು, ಜಗತ್ತೆಲ್ಲ ತಾಳಕ್ಕೆ ನಾಲ್ಕು ಎಣಿಸುವಾಗ ನಾವು ಏಳು ಎಣಿಸುವುದು, ಏಳು ಕೈಗೆ ಕೂತಿತು ಅನ್ನುವಷ್ಟರಲ್ಲಿ ಅದನ್ನೂ ಕೆಡಿಸುವುದು, ನಮ್ಮ ಹಾಡಿಗೆ ಕುಣಿಯಲು ಹೋದವರು ಕಾಲಿಗೆ ಕಾಲು ತೊಡರಿಸಿಕೊಂಡು ಬಿದ್ದಿದ್ದಾರೆ, ಅಮ್ಮ ಒಂದೇ ಸಲ ಕೇಳಲು ಬಂದವಳು ಇದು ಯಾವಾಗ ಶುರುವಾಗತ್ತೆ ಅಂತ ಕೇಳಿದ್ದಳು, ಆಗ ಹಾಡು ಮುಗಿದಿತ್ತು. ಹಾಡೇನೋ ಹಾಡು! ಇದು ಹುಟ್ಟಿದ್ದೇ ಆ ಚಳಿಗಾಲದ ಮಧ್ಯಾಹ್ನ, ತಮ್ಮನ ಏಳನೆಯ ಪೆಟ್ಟು ಬೀಳದೇ ಹೋದಾಗ — ಎಡಗೈ ಮೇಲೆ ಹೋಯಿತು, ಕೋಲು ಗಾಳಿಯಲ್ಲಿ ನಿಂತಿತು, ನಾವು ಮೂವರೂ ಪೆಟ್ಟಿಲ್ಲದ ಆ ಗುಂಡಿಯೊಳಗೆ ದಬದಬ ಬಿದ್ದೆವು. ನಿದ್ದೆ ಮಾಡ್ತಿದ್ದೀಯೇನೋ, ಇನ್ನೊಂದ್ಸಲ, ಅಂದೆ ನಾನು. ಇನ್ನೊಂದು ಸಲವೂ ಅಲ್ಲೇ ಕೋಲು ನಿಂತಿತು. ಗಿಟಾರಿನ ಸಾಹೇಬ, ಹಾಡುವವನೂ ಅವನೇ, ಬ್ಯಾಂಡು ತನ್ನ ಜೇಬಿನಲ್ಲಿದೆ ಅಂದುಕೊಂಡವನೂ ಅವನೇ, ತಂತಿಯ ಮೇಲೆ ಅಂಗೈ ಇಟ್ಟು, ಎಲ್ಲಿಂದ ತಂದ್ಯೋ ಇದನ್ನ, ಸರಿ ಮಾಡ್ಕೋಬೇಡ, ಹೀಗೇ ಇರ್ಲಿ, ಅಂದ, ಪ್ರೊಫೆಸರ್ ಕಣ್ಣು ಮುಚ್ಚಿ, ಹೊಡೀದೆ ಇರೋದೇ ಹೊಡೆತ ಕಣ್ರೋ, ಅಂದ, ಇಷ್ಟು ವರ್ಷ ಹಿಂದೆ ಕೂತು ಬಡಿಯುತ್ತಿದ್ದ ನನ್ನ ತಮ್ಮ ಕಕ್ಕಾಬಿಕ್ಕಿಯಾಗಿ ನಕ್ಕ, ಆಮೇಲೆ ಆ ನಗು ಮುಖದಿಂದ ಇಳಿಯಲೇ ಇಲ್ಲ. ನಾವು ಆ ತಪ್ಪನ್ನು ಪಾಠದ ಹಾಗೆ ಕಲಿತೆವು. ಬೇಸ್ ಗಿಟಾರಿನವಳು ನಾನು, ಡ್ರಮ್ಮಿನ ನೆರಳಲ್ಲೇ ನಡೆಯಬೇಕಾದವಳು, ಗುಂಡಿ ಬಂದಾಗ ಮಿಸುಕಬಾರದು ಅಂತ ಬೆರಳಿಗೆ ದಿನಾ ಹೇಳಿಕೊಟ್ಟೆ, ಈಗ ಅದು ಕಲ್ಲಿನ ಹಾಗೆ ನಿಲ್ಲುತ್ತದೆ, ಕೇಳುವವರು ಕೂಡ ಉಸಿರು ಹಿಡಿಯುತ್ತಾರೆ.

ಆದರೆ ಊಟದ ಮೇಜಿನ ಮೇಲೆ ಯಾವ ಹಾಡಿತ್ತು? ತಮ್ಮನ ಸೂಪಿನ ಚಮಚ ಬಾಯಿಯ ಹತ್ತಿರ ನಿಂತುಬಿಟ್ಟಿತ್ತು, ಹನಿ ತಟ್ಟೆಗೆ ತೊಟ್ಟಿಕ್ಕುತ್ತಿತ್ತು, ಏನೋ ಯೋಚ್ನೆ ಮಾಡ್ತಿದ್ದಾನೆ ಬಿಡು ಅಂದಳು ಅಮ್ಮ, ಅಯ್ಯೋ ಅಮ್ಮಾ, ಅಪ್ಪನಿಗೂ ನೀನು ಇದೇ ಮಾತು ಹೇಳಿದ್ದೆಯಲ್ಲ. ಅಪ್ಪನ ಕ್ಷೌರದ ಅಂಗಡಿ, ಹಿಂದಿನ ಬೆಂಚಿನ ಮೇಲೆ ನಾವಿಬ್ಬರೂ ಹೋಂವರ್ಕ್ ಬರೆಯುತ್ತಾ, ಕತ್ತರಿಯ ಚಕ್ ಚಕ್ ಚಕ್, ಆಮೇಲೆ ಏನೂ ಇಲ್ಲ, ತಲೆ ಎತ್ತಿದರೆ ಯಾರದೋ ಕಿವಿಯ ಪಕ್ಕ ಕತ್ತರಿ ಗಾಳಿಯಲ್ಲಿ. ಏನ್ ಯಜಮಾನ್ರೇ, ಕಲಾವಿದ್ರು ನೀವು, ನೋಡಿ ನೋಡಿ ಕತ್ತರಿಸ್ತೀರಿ, ಅನ್ನುತ್ತಿದ್ದರು ಗಿರಾಕಿಗಳು, ಅಪ್ಪನಿಗೂ ಖುಷಿ, ಅವನೂ ಹೀಗೇ ನಗುತ್ತಿದ್ದ. ಒಂದು ದಿನ ಕತ್ತಿ ಹಿಡಿದ ಕೈ ನೊರೆ ಹಚ್ಚಿದ ಕುತ್ತಿಗೆಯ ಮೇಲೆ ನಿಂತಿತು, ಗಿರಾಕಿ ಉಸಿರಾಡಲಿಲ್ಲ, ಮೆಲ್ಲಗೆ ತಾನೇ ಅಪ್ಪನ ಮಣಿಕಟ್ಟು ಹಿಡಿದು ಕೆಳಗಿಳಿಸಿದ. ಅಲ್ಲಿಂದ ಮುಂದೆ ಹಾಸಿಗೆ, ಅಮ್ಮ ತುತ್ತು ಕೊಡುವುದು, ಕೊನೆಗೆ ಆ ತುತ್ತೂ ಗಂಟಲಲ್ಲಿ ಇಳಿಯಲಿಲ್ಲ. ಸೂಪಿನ ಆ ಊಟ ಮುಗಿದ ಮೇಲೆ, ಮೆಟ್ಟಿಲ ಮೇಲೆ ತಮ್ಮನ ಕೊರಳಪಟ್ಟಿ ಹಿಡಿದೇ ಕೇಳಿದೆ, ಡಾಕ್ಟರ್ ಹತ್ರ ಹೋಗಿದ್ದೆ ಅಕ್ಕಾ, ಅಪ್ಪಂದೇ ಕಾಯಿಲೆ, ಅಂದ, ಮಾರ್ಕೆಟ್ಟಿಗೆ ಹೋಗಿದ್ದೆ ಅನ್ನುವ ಹಾಗೆ. ಔಷಧಿ ಇಲ್ವೇನೋ? ಇದೆ, ಈಗ ಹೊಸದು ಬಂದಿದೆ, ಇವತ್ತೇ ಶುರು ಮಾಡಿ, ತಡ ಮಾಡಿದ್ರೆ ಹೋಗಿದ್ದು ವಾಪಸ್ ಬರಲ್ಲ ಅಂದ್ರು. ಮತ್ತೆ ಯಾಕೆ ತಗೊಂಡಿಲ್ಲ? ತಗೊಂಡ್ರೆ ಏಳನೇ ಪೆಟ್ಟು ಬಿದ್ದುಬಿಡತ್ತೆ ಅಕ್ಕಾ. ಬೀಳಲಿ ಬಿಡೋ, ಹಾಳು ಪೆಟ್ಟು! ಬಿದ್ರೆ ನಾನು ಮತ್ತೆ ಬಡಿಯೋನು ಅಷ್ಟೇ, ಈ ಬ್ಯಾಂಡಲ್ಲಿ ನಂದು ಅಂತ ಇರೋದು ಅದೊಂದೇ. ಬೇಕಂತಲೇ ಬಿಟ್ಟು ಹೊಡಿಯೋಕಾಗಲ್ವೇನೋ? ಅದು ಬರೀ ಲೆಕ್ಕ ಆಗತ್ತೆ, ನಿಂಗೇ ಗೊತ್ತಲ್ಲ. ಗೊತ್ತಿತ್ತು, ಅದೇ ನನ್ನ ಕರ್ಮ. ರೆಕಾರ್ಡಿಂಗ್ ಒಂದು ಮುಗೀಲಿ, ಆಮೇಲೆ ನೀನು ಹೇಳ್ದಂಗೆ, ಯಾರಿಗೂ ಹೇಳ್ಬೇಡ. ಹೂಂ ಅಂದೆ. ಯಾವ ಬಾಯಲ್ಲಿ ಅಂದೆನೋ. ಮೊದಲು ಸಾಹೇಬನ ಗಂಟಲು ಕಟ್ಟಿತು, ಆಮೇಲೆ ಪ್ರೊಫೆಸರನ ಕೀಬೋರ್ಡು ಕೆಟ್ಟಿತು, ರೆಕಾರ್ಡಿಂಗಿನ ದಿನ ಮುಂದೆ ಹೋಗುತ್ತಲೇ ಬಂತು, ಮಾತ್ರೆಯ ಡಬ್ಬಿ ಅವನ ಡ್ರಮ್ ಚೀಲದಲ್ಲಿ ಸೀಲು ಒಡೆಯದೆ ಗಲಗಲ ಅನ್ನುತ್ತದೆ.

ಗಾಜಿನ ಆಚೆ ರೆಕಾರ್ಡಿಂಗಿನವನು ಹೆಬ್ಬೆರಳು ಎತ್ತಿದ, ಕೆಂಪು ದೀಪ ಹತ್ತಿತು, ಶುರು. ಒಂದು ಎರಡು ಮೂರು, ತೊಡೆಯ ಕೆಳಗಿನ ಕೈ ಹೊರಗೆ ಬಂತು, ಆರು, ಗುಂಡಿ, ಹಾರಿದೆವು, ಚೆನ್ನಾಗಿದೆ, ಥೂ, ಚೆನ್ನಾಗಿದೆ ಅನ್ನಿಸಿತಲ್ಲ ನನಗೆ, ಮೈ ಜುಮ್ಮೆಂದಿತಲ್ಲ, ಎಂಥ ಅಕ್ಕ ನಾನು. ಇನ್ನೊಂದು ಗುಂಡಿ, ಇದು ಸ್ವಲ್ಪ ಅಗಲ, ಸಾಹೇಬನ ಹುಬ್ಬು ಮೇಲೇರಿತು, ಭೇಷ್ ಅನ್ನುವ ಹುಬ್ಬು. ಮುಂದಿನದು ಇನ್ನೂ ಅಗಲ. ಈಗ ನಿಲ್ಲಿಸಿ ಅನ್ನಬೇಕು, ಈ ಸುತ್ತು ಮುಗಿದ ಮೇಲೆ, ಮುಗಿಯಿತು, ಮುಂದಿನ ಸುತ್ತು ಮುಗಿದ ಮೇಲೆ, ಮುಕ್ಕಾಲು ಹಾಡಾಯಿತು, ಇನ್ನೊಂದು ಸ್ವಲ್ಪ ತಡಿ ನನ್ನ ರಾಜಾ, ಸಂಜೆ ನಾನೇ ನೀರು ಕೊಟ್ಟು ಮಾತ್ರೆ ನುಂಗಿಸುತ್ತೇನೆ — ನಾಲ್ಕು ಐದು ಆರು, ಎಡಗೈ ಮೇಲೆ ಹೋಯಿತು. ನಿಂತಿತು. ಈ ಸಲ ಬಲಗೈಯೂ ನಿಂತಿತು. ಯಾರೂ ತಪ್ಪಲಿಲ್ಲ, ಎಲ್ಲರೂ ಒಟ್ಟಿಗೆ ನಿಂತೆವು, ಅಷ್ಟು ಚೆನ್ನಾಗಿ ಕಲಿತಿದ್ದೇವೆ. ಸಾಹೇಬ ಕಣ್ಣು ಮುಚ್ಚಿ ನಗುತ್ತಿದ್ದಾನೆ. ಪ್ರೊಫೆಸರನ ಬೆರಳು ಕೀಲಿಗಳ ಮೇಲೆ ತೇಲುತ್ತಾ ಕಾಯುತ್ತಿದೆ. ಗಾಜಿನ ಆಚೆ ಹೆಬ್ಬೆರಳು ಮತ್ತೆ ಮೇಲೆದ್ದಿದೆ. ತಮ್ಮ ಈಗ ನನ್ನನ್ನೇ ನೋಡುತ್ತಿದ್ದಾನೆ, ತುಟಿ ಅಕ್ಕಾ ಅನ್ನಲು ಹೊರಟು ಅರ್ಧಕ್ಕೆ ನಿಂತಿದೆ, ಹೋಗಿ ಮಣಿಕಟ್ಟು ಹಿಡಿದು ಇಳಿಸಬೇಕು, ಏಳು ಕಾಲೇ, ಏಳು ಬೆರಳೇ, ಗುಂಡಿಯಲ್ಲಿ ಮಿಸುಕಬಾರದು ಅಂತ ನಾನೇ ಹೇಳಿಕೊಟ್ಟದ್ದು, ಕೆಂಪು ದೀಪ ಉರಿಯುತ್ತಿದೆ, ಕೋಲು ಗಾಳಿಯಲ್ಲಿದೆ, ಕೋಲು ಗಾಳಿಯಲ್ಲಿ, ಕೋಲು