ತೆಗೆಯದೆ ಬಿಟ್ಟ ವಾಲ್ವು

ಮೂವತ್ತೆಂಟು ವರ್ಷ ನಾನು ರೈಲಿನ ಬ್ರೇಕು ನೋಡಿಕೊಂಡವ. ನಾಗಪುರ ಸ್ಟೇಷನ್ನಿಗೆ ಗಾಡಿ ಬರುವಾಗ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಯಾವ ಡಬ್ಬಿಯ ಬ್ರೇಕು ಬಿಡದೆ ಹಿಡಿದೇ ಇದೆಯೆಂದು ವಾಸನೆಯಿಂದಲೇ ಹೇಳುತ್ತಿದ್ದೆ. 'ನರಹರಿ ಸಾಹೇಬರ ಮೂಗು' ಎಂದು ಹುಡುಗರು ನಗುತ್ತಿದ್ದರು. ರೈಲಿನಲ್ಲಿ ಗಾಳಿಯ ಪೈಪು ಒಡೆದರೆ ಬ್ರೇಕು ತಾನಾಗಿ ಹಿಡಿಯುತ್ತದೆ. ಹಿಡಿದರೆ ಗಾಡಿ ತಡವಾದೀತು, ಯಾರೂ ಸಾಯುವುದಿಲ್ಲ. ಇದನ್ನೇ ನಂಬಿಕೊಂಡು ನನ್ನ ತಲೆ ನರೆಯಿತು.

ಮಗಳು ಸುಮೇಧಾ ಊರ ಪಕ್ಕದ ಹಿಂಗಣಾದ ಕಾರ್ಖಾನೆಯಲ್ಲಿ ಎಂಜಿನಿಯರು. ನನ್ನ ಹಳೆ ಫಿಯಟ್ಟಿಗೆ ಬೇರೆ ಎಂಜಿನ್ ಕೂರಿಸಿ ಡ್ರ್ಯಾಗ್ ರೇಸಿಗೆ ಇಳಿಸುತ್ತೇನೆಂದು ಹಟ ಹಿಡಿದಳು. ನೆಟ್ಟಗೆ ನಾನೂರು ಮೀಟರು, ಪಕ್ಕದಲ್ಲೊಂದು ಕಾರು, ಮೊದಲು ಮುಟ್ಟಿದವರು ಗೆದ್ದಂತೆ. ಇದೂ ಒಂದು ಆಟವೇ ಎಂದು ಕೂಗಾಡಿದೆ.

"ಓಡಸೋದು ನನಗ ಬಿಡು ಅಪ್ಪಾ, ನಿಲ್ಲಸೋದು ನಿನ್ನ ಕೆಲಸ. ಡ್ರಮ್ ಬ್ರೇಕು ಕಾದ್ರ ಹಿಡಿಯಂಗಿಲ್ಲ. ಮುಂದಿನ ಎರಡಕ್ಕೂ ಡಿಸ್ಕ್ ಹಾಕಿಕೊಡು. ಬ್ಯಾರೆಯವರ ಕೈ ನಾ ನಂಬಂಗಿಲ್ಲ," ಅಂದಳು.

ಹೊಗಳಿಕೆಗೆ ಉಬ್ಬದ ಮುದುಕ ಯಾರಿದ್ದಾನೆ? ಒಪ್ಪಿದೆ.

ಡ್ರಮ್ಮು ಕಳಚಿ ಡಿಸ್ಕು ಕೂರಿಸಿ ಹೊಸ ಪೈಪು ಎಳೆದೆ. ಆ ಪೈಪು ಹೊರಡುವ ಬಾಯಲ್ಲಿ ಡ್ರಮ್ಮಿನ ಕಾಲದ, ಕಡಲೆಕಾಳಿನಷ್ಟು ವಾಲ್ವೊಂದಿತ್ತು. ಪೆಡಲಿನಿಂದ ಕಾಲು ತೆಗೆದ ಮೇಲೂ ಅದು ಸ್ವಲ್ಪ ಒತ್ತಡ ಉಳಿಸುತ್ತದೆ. ಡ್ರಮ್ಮಿಗೆ ಅದು ಬೇಕು, ಡಿಸ್ಕಿಗೆ ಇರಕೂಡದು, ಇದ್ದರೆ ಬ್ರೇಕು ಬಿಟ್ಟುಕೊಳ್ಳುವುದಿಲ್ಲ. ಗೊತ್ತಿದ್ದೂ ತೆಗೆಯಲಿಲ್ಲ. ಸ್ವಲ್ಪ ಹಿಡಿದಿರಲಿ, ಕಾರು ನಿಧಾನವಾಗಲಿ, ನಾಲ್ಕು ಸಲ ಸೋತು ಬೇಸತ್ತು ಮನೆಗೆ ಬರಲಿ ಅಂದುಕೊಂಡೆ. ಇರುವವಳು ಒಬ್ಬಳೇ ಮಗಳು. ನನಗೆ ಹೆದರಿಕೆಯಾಗಿತ್ತು.

"ವಾಲ್ವ್ ತಗದೀ ಏನು?" ಎಂದು ಕೇಳಿದಳು.

"ಎಲ್ಲಾ ಬರೋಬರ್ ಆಗ್ಯದ," ಅಂದೆ. ಅವಳು ಬಗ್ಗಿ ಕೂಡ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಊರಾಚೆಯ ಹಳೆ ವಿಮಾನಪಟ್ಟಿಯಲ್ಲಿ ರೇಸು. ಮೊದಲ ಓಟ ಸೋತಳು, ಎರಡನೆಯದೂ ಸೋತಳು. ನನ್ನ ಲೆಕ್ಕ ಸರಿಯಾಗಿತ್ತು, ಒಳಗೊಳಗೇ ಖುಷಿಪಟ್ಟೆ. ಮೂರನೆಯದಕ್ಕೆ ಗೆರೆಯತ್ತ ಹೊರಟ ಕಾರು ನನ್ನ ಮುಂದೆ ಹಾದಾಗ ಆ ವಾಸನೆ ಬಂತು. ಅಭ್ಯಾಸಬಲದಿಂದ ಅಲ್ಲೇ ಕುಕ್ಕರಿಸಿದೆ. ಮುಂದಿನ ಚಕ್ರದಿಂದ ಒಲೆಯ ಝಳ ಬಂದಂತಾಯಿತು.

ಇದು ರೈಲಲ್ಲ. ಇಲ್ಲಿ ಹಿಡಿದೇ ಇರುವ ಬ್ರೇಕು ಕಾಯುತ್ತದೆ, ಒಳಗಿನ ಎಣ್ಣೆ ಕುದಿಯುತ್ತದೆ, ಆಮೇಲೆ ಪೆಡಲು ಒತ್ತಿದರೆ ಹತ್ತಿಯ ಮೂಟೆ ಒತ್ತಿದಂತೆ. ನಾನೂರು ಮೀಟರಿನ ಕೊನೆಗೆ ನನ್ನ ಮಗಳಿಗೆ ಬ್ರೇಕೇ ಇರುವುದಿಲ್ಲ.

ಓಡಿದೆ. ಗೆರೆಯ ಮೇಲೆ ನಿಂತಿದ್ದ ಕಾರಿನ ಮುಂದೆ ಹೋಗಿ ಎರಡೂ ಕೈ ಮೇಲೆತ್ತಿ ನಿಂತೆ. ರೈಲಿನವರ ಅಪಾಯದ ಸನ್ನೆ ಅದು, ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಅವಳಿಗೆ ಗೊತ್ತು. ಎಂಜಿನ್ ಆರಿಸಿದಳು. ಪಕ್ಕದ ಕಾರು ಒಂದೇ ಹೋಯಿತು.

"ವಾಲ್ವ್ ತಗದಿಲ್ಲವ್ವಾ. ನೀ ಸೋಲ್ಲಿ ಅಂತ ಬೇಕಂತನ ಬಿಟ್ಟೆ."

ಹೆಲ್ಮೆಟ್ ತೆಗೆದಳು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು.

"ಸೋತದ್ದಕ್ಕ ಸಿಟ್ಟಿಲ್ಲ ಅಪ್ಪಾ. ನಾ ನಿನ್ನ ಕೇಳಿದ್ನಲ್ಲ?"

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನದು ಕಡಲೆಕಾಳಿಗೆ ಹೋಯಿತು.

ಮುಂದಿನ ಭಾನುವಾರ ಅವಳ ಕಣ್ಣೆದುರೇ ವಾಲ್ವು ತೆಗೆದೆ. ಅವಳು ಕೆಳಗೆ ಮಲಗಿ ಪೈಪಿನೊಳಗಿನ ಗಾಳಿ ಬಿಡಿಸಿದಳು, ನಾನು ಸೀಟಿನಲ್ಲಿ ಕೂತು ಅವಳು ಹೇಳಿದಾಗ ಪೆಡಲು ಒತ್ತಿದೆ. ಚಕ್ರ ಹಗುರಾಗಿ ತಿರುಗಿತು. ಆಮೇಲೆ ನಾನು ಬಿಗಿದಿದ್ದ ಒಂದೊಂದು ನಟ್ಟಿಗೂ ಅವಳೇ ಸ್ಪ್ಯಾನರ್ ಹಚ್ಚಿ ನೋಡಿದಳು. ಎಲ್ಲವೂ ಬಿಗಿಯಾಗಿಯೇ ಇದ್ದವು. ಆದರೂ ಒಂದನ್ನೂ ನೋಡದೆ ಬಿಡಲಿಲ್ಲ.